ಪ್ರಸಂಗಕ್ಕೆ ಯಾವ ಕಥೆ? ದೃಷ್ಟಾಂತ ಆರಿಸುವವರಿಗೆ ಒಂದು ಹೋಲಿಕೆ

ಚರ್ಚಿನಲ್ಲಿ ಕೊಡಲಿರುವ ಪ್ರಸಂಗಕ್ಕಾಗಿ (ಉಪದೇಶಕ್ಕಾಗಿ) ಸತ್ಯವೇದದ, ಅಂದರೆ ಬೈಬಲಿನ, ವಾಕ್ಯಭಾಗದ ಅಧ್ಯಯನ ಮುಗಿದಿದೆ, ಮುಖ್ಯ ವಿಚಾರ ಕೈಗೆ ಸಿಕ್ಕಿದೆ, ಅಂಶಗಳೂ ಕಾಗದಕ್ಕೆ ಇಳಿದಿವೆ. ಎರಡನೆಯ ಅಂಶ ಮಾತ್ರ ಒಣಒಣ ಎನ್ನಿಸುತ್ತಿದೆ, ಅಲ್ಲೊಂದು ಕಥೆ ಬೇಕು. ಸತ್ಯವೇದದ ಇನ್ನೊಂದು ಘಟನೆ ತರುವುದೇ? ಮಿಷನರಿಯೊಬ್ಬರ ಜೀವನಚರಿತ್ರೆಯಿಂದ ಎತ್ತಿಕೊಳ್ಳುವುದೇ? ಸ್ವಂತ ಅನುಭವ ಹೇಳುವುದೇ? ಅಥವಾ ಯಾರೋ ಫೋನಿಗೆ ಕಳಿಸಿದ, ಓದಿದೊಡನೆ ಕಣ್ಣು ತುಂಬಿಸಿದ ಆ ಕಥೆಯನ್ನೇ ಬಳಸುವುದೇ?

ಇವುಗಳಲ್ಲಿ ಯಾವುದು ಚೆನ್ನಾಗಿದೆ ಎಂದು ಕೇಳುತ್ತ ಕೂತರೆ ತೀರ್ಮಾನ ಆಗುವುದಿಲ್ಲ. ಇಲ್ಲಿ ಕಥೆ ಯಾವ ಕೆಲಸ ಮಾಡಬೇಕು ಎಂದು ಮೊದಲು ಕೇಳಿಕೊಂಡರೆ ಅರ್ಧ ಆಯ್ಕೆ ತಾನಾಗಿಯೇ ಆಗಿಬಿಡುತ್ತದೆ.

ಅಳೆಯುವುದು ಹೇಗೆ

ಪ್ರಸಂಗದಲ್ಲಿ ಕಥೆ ಮಾಡಬಲ್ಲ ಕೆಲಸಗಳು ಮುಖ್ಯವಾಗಿ ಮೂರು. ಒಂದು, ಅರ್ಥವಾಗದ್ದನ್ನು ಅರ್ಥ ಮಾಡಿಸುವುದು: ನೀತಿವಂತನೆಂದು ನಿರ್ಣಯಿಸಲ್ಪಡುವುದು, ಪ್ರಾಯಶ್ಚಿತ್ತ, ಒಡಂಬಡಿಕೆ ಇಂಥ ಮಾತುಗಳಿಗೆ ಆಕಾರ ಕೊಡುವುದು. ಎರಡು, ಅರ್ಥವಾದದ್ದು ಬದುಕಿನಲ್ಲಿ ಹೇಗೆ ಕಾಣುತ್ತದೆ ಎಂದು ತೋರಿಸುವುದು. ಮೂರು, ಅರ್ಥವಾಗಿದ್ದರೂ ಒಪ್ಪಿಕೊಳ್ಳಲು ಮನಸ್ಸಿಲ್ಲದವನ ಒಳಗೆ ದಾರಿ ಮಾಡಿಕೊಳ್ಳುವುದು. ಮೂರನೆಯದಕ್ಕೆ 2 ಸಮುವೇಲ 12ನೇ ಅಧ್ಯಾಯವೇ ಮಾದರಿ. ಪರರ ಹೆಂಡತಿಯನ್ನು ತನ್ನದಾಗಿಸಿಕೊಂಡ ಅರಸ ದಾವೀದನಿಗೆ ಪ್ರವಾದಿ ನಾತಾನ ಹೇಳಿದ ಕಥೆ ನಾಲ್ಕೇ ವಚನ. ಐಶ್ವರ್ಯವಂತನೊಬ್ಬ ಕಿತ್ತುಕೊಂಡ ಬಡವನ ಕುರಿಮರಿಯ ವಿಷಯ ಕೇಳಿ ದಾವೀದ ಸಿಟ್ಟಿಗೆದ್ದು ತೀರ್ಪು ಕೊಟ್ಟುಬಿಡುತ್ತಾನೆ. ಆಮೇಲೆಯೇ "ಆ ಮನುಷ್ಯನು ನೀನೇ" ಎಂಬ ಮಾತು ಬರುತ್ತದೆ. ನೇರವಾಗಿ ಆರೋಪಿಸಿದ್ದರೆ ಅರಸನು ತನ್ನನ್ನು ಸಮರ್ಥಿಸಿಕೊಳ್ಳುತ್ತಿದ್ದನೇನೋ. ಕಥೆ ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ.

ಕೆಲಸ ಗೊತ್ತಾದ ಮೇಲೆ ಇನ್ನು ನಾಲ್ಕು ಪ್ರಶ್ನೆ ಉಳಿಯುತ್ತವೆ. ಕಥೆ ನಿಜವೇ? ನಿಜವಲ್ಲದಿದ್ದರೆ ಕಲ್ಪನೆಯೆಂದು ಹೇಳಿ ಬಳಸುತ್ತಿದ್ದೇವೆಯೇ? ಇದರಿಂದ ಯಾರ ಮಾನಕ್ಕಾದರೂ ಧಕ್ಕೆಯಿದೆಯೇ? ಕೇಳುವವರಿಗೆ ಕಥೆಯನ್ನೇ ವಿವರಿಸಬೇಕಾಗುತ್ತದೆಯೇ? ಕೊನೆಯದು ಸಮಯ: ಪೀಠದಲ್ಲಿ ಎಷ್ಟು ನಿಮಿಷ ತಿನ್ನುತ್ತದೆ, ಸಿದ್ಧತೆಯಲ್ಲಿ ಎಷ್ಟು ಗಂಟೆ ಬೇಡುತ್ತದೆ?

ಸಮಯದ ಲೆಕ್ಕ ಹೀಗಿಟ್ಟುಕೊಳ್ಳಬಹುದು. ಮೂವತ್ತು ನಿಮಿಷದ ಪ್ರಸಂಗಕ್ಕೆ ಪೂರ್ಣ ಕಥೆಗಳು ಎರಡು, ಹೆಚ್ಚೆಂದರೆ ಮೂರು. ಒಂದೊಂದೂ ಎರಡೂವರೆ ನಿಮಿಷದೊಳಗೆ ಮುಗಿಯಬೇಕು, ಒಟ್ಟು ಆರೇಳು ನಿಮಿಷ ದಾಟಬಾರದು. ಹತ್ತು ನಿಮಿಷದ ಪ್ರಬೋಧನೆಯಾದರೆ (ಪೂಜೆಯ ನಡುವಿನ ಕಿರು ಪ್ರಸಂಗವಾದರೆ) ಒಂದೇ ಕಥೆ, ಅದೂ ಒಂದೂವರೆ ನಿಮಿಷ. (ಪ್ರಬೋಧನೆ ಎಂಟು ನಿಮಿಷ ಮೀರಬಾರದೆಂದು ಪೋಪ್ ಫ್ರಾನ್ಸಿಸ್ 2024ರ ಜೂನ್‌ನಲ್ಲಿ ಯಾಜಕರಿಗೆ ಹೇಳಿದ್ದು ನೆನಪಿರಬಹುದು. ಅಷ್ಟು ಕಡಿಮೆ ಹೊತ್ತಿನಲ್ಲಿ ಪೂರ್ಣ ಕಥೆಗಿಂತ ಎರಡು ವಾಕ್ಯದ ಹೋಲಿಕೆಯೇ ಮೇಲು.) ಮನಸ್ಸಿನಲ್ಲೇ ಅಂದಾಜು ಮಾಡಬೇಡಿ. ಗಟ್ಟಿಯಾಗಿ ಹೇಳಿ ಗಡಿಯಾರ ನೋಡಿ. ಎರಡು ನಿಮಿಷ ಅಂದುಕೊಂಡದ್ದು ನಾಲ್ಕಾಗುವುದು ಮಾಮೂಲು.

ಸತ್ಯವೇದದ ಒಳಗಿನ ಕಥೆಗಳು

ಮೊದಲು ಹುಡುಕಬೇಕಾದ ಜಾಗ ಇದೇ, ಆದರೂ ಕೊನೆಗೆ ಹುಡುಕುವವರೇ ಹೆಚ್ಚು. "ಎಲ್ಲರಿಗೂ ಗೊತ್ತಿರುವುದೇ" ಎಂಬುದು ಸಾಮಾನ್ಯ ಆಕ್ಷೇಪ. ನಿಜದಲ್ಲಿ ಸಭೆಗೆ ಗೊತ್ತಿರುವುದು ಕಥೆಯ ಹೊರಗೆರೆ ಮಾತ್ರ, ಒಳಗಿನ ವಿವರವಲ್ಲ.

ಮತ್ತಾಯ 18:23–35ನ್ನೇ ತೆಗೆದುಕೊಳ್ಳಿ. ದೊಡ್ಡ ಸಾಲ ಮನ್ನಾ ಆದವನು ಸಣ್ಣ ಸಾಲಕ್ಕಾಗಿ ಜೊತೆಸೇವಕನ ಕುತ್ತಿಗೆ ಹಿಡಿದ, ಇಷ್ಟು ಎಲ್ಲರಿಗೂ ಗೊತ್ತು. ಈಗ ಲೆಕ್ಕ ಮಾಡಿ. ದಿನಾರಿ, ತಲಾಂತು ಆ ಕಾಲದ ಹಣದ ಲೆಕ್ಕ. ಒಂದು ದಿನಾರಿ ಒಬ್ಬ ಕೂಲಿಯವನ ಒಂದು ದಿನದ ಸಂಬಳ. ಮತ್ತಾಯ 20ರ ದ್ರಾಕ್ಷೇತೋಟದ ಯಜಮಾನ ಗೊತ್ತು ಮಾಡಿದ್ದೂ ಅದೇ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಹಾಗಾದರೆ ಅವನ ಸಾಲವಾದ 10,000 ತಲಾಂತು ಎಂದರೆ ಆರು ಕೋಟಿ ದಿನಗಳ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು ಎರಡು ಲಕ್ಷ ವರ್ಷ ಬೇಕು. ಅಂಥವನು ಮೊಣಕಾಲೂರಿ "ತಾಳಿಕೊಳ್ಳಿ, ಎಲ್ಲವನ್ನೂ ಕೊಟ್ಟು ತೀರಿಸುತ್ತೇನೆ" ಅನ್ನುತ್ತಾನೆ! ಇನ್ನು ಜೊತೆಸೇವಕನ 100 ದಿನಾರಿ ಕೂಡ ಚಿಲ್ಲರೆ ಕಾಸಲ್ಲ, ಅದು ಮೂರು ನಾಲ್ಕು ತಿಂಗಳ ದುಡಿಮೆ. ನಮಗೆ ಇತರರು ಮಾಡಿದ ಅನ್ಯಾಯ ಏನೂ ಅಲ್ಲವೆಂದು ಯೇಸು ಹೇಳುತ್ತಿಲ್ಲ. ಅದು ದೊಡ್ಡದೇ, ಆದರೆ ಮನ್ನಾ ಆದ ಸಾಲ ಅದರ ಆರು ಲಕ್ಷ ಪಟ್ಟು. ಹೊರಗಿನ ಯಾವ ಕಥೆ ತಂದರೂ ಈ ಲೆಕ್ಕದಷ್ಟು ಆಳಕ್ಕೆ ಇಳಿಯುವುದು ಕಷ್ಟ, ಹೇಳಲು ಹಿಡಿಯುವುದು ಒಂದೂವರೆ ನಿಮಿಷ.

ಕಳ್ಳರು ಹೊಡೆದು ಬಿಟ್ಟುಹೋದವನನ್ನು ಉಪಚರಿಸಿದ ಒಳ್ಳೆಯ ಸಮಾರ್ಯದವನ ಕಥೆಯೂ ಹೀಗೆಯೇ. ಯೆರೂಸಲೇಮಿನಿಂದ ಯೆರಿಕೋವಿಗೆ ಸುಮಾರು 27 ಕಿಲೋಮೀಟರ್, ಅಷ್ಟರಲ್ಲಿ ದಾರಿ ಸಾವಿರ ಮೀಟರಿನಷ್ಟು ಕೆಳಗಿಳಿಯುತ್ತದೆ. ಬೋಳುಗುಡ್ಡಗಳ ನಡುವಿನ ತಿರುವುಗಳಲ್ಲಿ ಕಳ್ಳರು ಅಡಗುವುದು ಸುಲಭ. ಅಲ್ಲಿ ನಿಂತು ಗಾಯಾಳುವಿನ ಪಕ್ಕ ಬಗ್ಗುವವನು ತನ್ನ ಜೀವವನ್ನೂ ಪಣಕ್ಕಿಡುತ್ತಾನೆ. ಈ ಒಂದು ವಿವರ ಸೇರಿದರೆ ಸಾಕು, ಕಥೆಗೆ ಮತ್ತೆ ಹರಿತ ಬರುತ್ತದೆ.

ಇದರ ಮಿತಿಯೂ ತಿಳಿದಿರಲಿ. ಸತ್ಯವೇದದ ಪರಿಚಯವೇ ಇಲ್ಲದವರು ಕೂತಿದ್ದರೆ, ಯಾರು ಸಮಾರ್ಯದವರು, ಯೆಹೂದ್ಯರಿಗೆ ಅವರ ಮೇಲೆ ಯಾಕಷ್ಟು ಹಗೆ ಎಂಬ ವಿವರಣೆಗೇ ಎರಡು ನಿಮಿಷ ಹೋಗುತ್ತದೆ. ಹಾಗೆಯೇ "ನಾಳೆ ಕಚೇರಿಯಲ್ಲಿ ನಾನೇನು ಮಾಡಬೇಕು" ಎಂಬ ಪ್ರಶ್ನೆಗೆ ಹಳೆಯ ಒಡಂಬಡಿಕೆಯ ಘಟನೆ ಉತ್ತರದ ದಿಕ್ಕು ತೋರಿಸಬಲ್ಲದು, ಉತ್ತರದ ರೂಪ ತೋರಿಸಲಾರದು. ಅರ್ಥ ಮಾಡಿಸಲು ಸತ್ಯವೇದದ ಕಥೆ, ಬದುಕಿಗೆ ಅನ್ವಯಿಸಲು ಇಂದಿನ ಕಥೆ: ಹೆಚ್ಚಿನ ಪ್ರಸಂಗಗಳಿಗೆ ಈ ಹಂಚಿಕೆ ಒಪ್ಪುತ್ತದೆ.

ಒಂದು ಅಪಾಯವನ್ನು ಹೇಳಲೇಬೇಕು. ವಾಕ್ಯಭಾಗವೇ ಕಥೆಯಾಗಿರುವಾಗ ಅದರ ಮೇಲೆ ಇನ್ನೊಂದು ಕಥೆ ಹೇರಬೇಡಿ. ಲೂಕ 15ರ ತಂದೆ ಓಡಿ ಬಂದು, ಮನೆ ಬಿಟ್ಟುಹೋಗಿ ಮರಳಿದ ಮಗನನ್ನು ಅಪ್ಪಿಕೊಂಡ ಕ್ಷಣದಲ್ಲೇ ಇನ್ಯಾರದೋ ತಂದೆ–ಮಗನ ಕಥೆ ಶುರು ಮಾಡಿದರೆ, ಸಭೆ ಎರಡನ್ನೂ ಅರ್ಧರ್ಧ ನೆನಪಿಟ್ಟುಕೊಂಡು ಮನೆಗೆ ಹೋಗುತ್ತದೆ.

ಇತಿಹಾಸ ಮತ್ತು ಜೀವನಚರಿತ್ರೆ

ನಂಬಿಕೆ ಬದುಕಿನಲ್ಲಿ ಹೇಗೆ ಕಾಣುತ್ತದೆ ಎಂದು ತೋರಿಸಲು ಇದಕ್ಕಿಂತ ಗಟ್ಟಿಯಾದ ಸಾಮಗ್ರಿ ಇಲ್ಲ. ಆದರೆ ಸಿದ್ಧತೆಗೆ ಹೆಚ್ಚು ಹೊತ್ತು ಬೇಡುವುದೂ ಇದೇ. ಒಂದು ಘಟನೆಗೆ ಕನಿಷ್ಠ ಒಂದೆರಡು ಗಂಟೆ ಓದದೆ ಬಳಸಬಾರದು, ಯಾಕೆಂದರೆ ಪೀಠದಿಂದ ಪೀಠಕ್ಕೆ ದಾಟುವಾಗ ಕಥೆಗಳ ಮೂಲೆಗಳು ಸವೆದಿರುತ್ತವೆ.

"ಅಮೇಜಿಂಗ್ ಗ್ರೇಸ್" ಕೀರ್ತನೆ ಬರೆದ ಇಂಗ್ಲೆಂಡಿನ ಜಾನ್ ನ್ಯೂಟನ್ ಅವರ ಉದಾಹರಣೆ ನೋಡಿ. ಗುಲಾಮರ ಹಡಗಿನವನು ಬಿರುಗಾಳಿಯಲ್ಲಿ ದೇವರಿಗೆ ಮೊರೆಯಿಟ್ಟ, ಬದುಕುಳಿದ, ಕೂಡಲೇ ಆ ವ್ಯಾಪಾರ ಬಿಟ್ಟು ಕೀರ್ತನೆ ಬರೆದ ಎಂದೇ ಹೆಚ್ಚಾಗಿ ಹೇಳುತ್ತಾರೆ. ಬಿರುಗಾಳಿ 1748ರದ್ದು. ಅದಾದ ಮೇಲೆ 1750ರಿಂದ 1754ರವರೆಗೆ ನ್ಯೂಟನ್ ಗುಲಾಮರನ್ನು ಸಾಗಿಸುವ ಹಡಗುಗಳ ಕ್ಯಾಪ್ಟನ್ ಆಗಿಯೇ ಇದ್ದರು. ಸಮುದ್ರ ಬಿಟ್ಟದ್ದು ಆರೋಗ್ಯ ಕೆಟ್ಟದ್ದರಿಂದ. ಸಭಾಸೇವೆಗೆ ದೀಕ್ಷೆಯಾದದ್ದು 1764ರಲ್ಲಿ. ಆ ವ್ಯಾಪಾರದ ವಿರುದ್ಧ, ತಮ್ಮ ಪಾಲನ್ನೂ ಒಪ್ಪಿಕೊಂಡು ಕಿರುಹೊತ್ತಗೆ ಪ್ರಕಟಿಸಿದ್ದು 1788ರಲ್ಲಿ, ಬಿರುಗಾಳಿಯಾಗಿ 40 ವರ್ಷದ ನಂತರ. "ಒಂದೇ ಕ್ಷಣದಲ್ಲಿ ಎಲ್ಲ ಬದಲಾಯಿತು" ಎಂಬ ಅಂಶಕ್ಕೆ ಈ ಜೀವನ ಸಾಕ್ಷಿಯಾಗಲಾರದು. ಕೃಪೆ ಮನುಷ್ಯನ ಕಣ್ಣನ್ನು ನಿಧಾನವಾಗಿ, ನೋವಿನಿಂದ ತೆರೆಯುತ್ತದೆ ಎಂಬ ಅಂಶಕ್ಕಾದರೆ ಇದಕ್ಕಿಂತ ಒಳ್ಳೆಯ ಕಥೆ ಸಿಗುವುದು ಅಪರೂಪ. ನಿಜ ಸಂಗತಿ ಕಥೆಯನ್ನು ಕೆಡಿಸಲಿಲ್ಲ, ಅದು ಸೇರಬೇಕಾದ ಪ್ರಸಂಗವನ್ನು ಬದಲಿಸಿತು.

ಪೀಠದಲ್ಲಿ ಹೇಳುವಾಗ ಎರಡು ಇಸವಿ, ಒಂದು ಸ್ಥಳ, ಒಂದು ಹೆಸರು ಸಾಕು. ಉಳಿದದ್ದು ನಿಮ್ಮ ಟಿಪ್ಪಣಿಯಲ್ಲಿರಲಿ, ಯಾರಾದರೂ ಕೇಳಿದರೆ ಕೊಡಲು.

ಸ್ವಂತ ಅನುಭವ

ಸಿದ್ಧತೆ ಕಡಿಮೆ, ನಂಬಿಕೆಗೆ ಅರ್ಹ, ಕೇಳುಗರಿಗೆ ಹತ್ತಿರ. ಈ ಮೂರೂ ನಿಜವಾದ್ದರಿಂದಲೇ ಇದು ಕೈಮೀರುತ್ತದೆ. ಒಂದೇ ಸಭೆಗೆ ವಾರವಾರ ಬೋಧಿಸುವವರು ತಿಂಗಳಿಗೆ ಒಂದೆರಡು ಸಲಕ್ಕಿಂತ ಹೆಚ್ಚು ಸ್ವಂತ ಕಥೆ ಹೇಳಿದರೆ, ಸಭೆಗೆ ವಾಕ್ಯಕ್ಕಿಂತ ಪ್ರಸಂಗಕಾರರ ಮನೆಯೇ ಹೆಚ್ಚು ಪರಿಚಯವಾಗುತ್ತದೆ.

ಅಪೊಸ್ತಲ ಪೌಲನ ನಡೆ ಗಮನಿಸಿ. 2 ಕೊರಿಂಥ 12ರಲ್ಲಿ ಪರದೈಸಿನ ದರ್ಶನದ ವಿಷಯ ಬಂದಾಗ ಹದಿನಾಲ್ಕು ವರ್ಷದ ಹಿಂದೆ ಒಬ್ಬ ಮನುಷ್ಯನಿಗೆ ಹೀಗಾಯಿತು ಎಂದು ತನ್ನನ್ನು ಮರೆಮಾಡಿಕೊಳ್ಳುತ್ತಾನೆ. ಶರೀರದಲ್ಲಿ ನಾಟಿದ ಶೂಲದ ವಿಷಯ ಬಂದಾಗ ಮಾತ್ರ "ನನಗೆ" ಎಂದು ಬಾಯ್ಬಿಟ್ಟು ಹೇಳುತ್ತಾನೆ. ಅನುಭವದ ಕೊನೆಯಲ್ಲಿ ಗೆದ್ದವರು ಯಾರು ಎಂಬುದೇ ಅಳತೆಗೋಲು. ನಿಮ್ಮ ಪ್ರಾರ್ಥನೆ, ನಿಮ್ಮ ತಾಳ್ಮೆ, ನಿಮ್ಮ ಉದಾರತೆ ಮಿಂಚುತ್ತಿದ್ದರೆ ಆ ಕಥೆ ಬೇಡ. ಇನ್ನೂ ಹಸಿಯಾಗಿರುವ ಗಾಯವನ್ನೂ ಪೀಠಕ್ಕೆ ತರಬೇಡಿ. ಸಭೆ ವಾಕ್ಯವನ್ನು ಬಿಟ್ಟು ನಿಮ್ಮನ್ನು ಸಂತೈಸಲು ಕೂರುತ್ತದೆ.

ಇತರರ ಸಾಕ್ಷಿ

ಸಭೆಯವರೇ ಒಬ್ಬರ ಅನುಭವ ಅನ್ವಯಕ್ಕೆ ಅತ್ಯಂತ ಬಲವುಳ್ಳದ್ದು, ಹಾನಿಯ ಸಾಧ್ಯತೆಯೂ ಅತ್ಯಂತ ಹೆಚ್ಚು. ಒಪ್ಪಿಗೆ ಕೇಳುವುದಕ್ಕೊಂದು ಕ್ರಮವಿರಲಿ. ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಕೇಳಿದರೆ ಯಾರೂ ಇಲ್ಲ ಅನ್ನಲಾರರು, ಆದ್ದರಿಂದ ನಾಲ್ಕೈದು ದಿನ ಮೊದಲೇ ಕೇಳಿ. ಹೇಳಲಿರುವ ಮಾತುಗಳನ್ನು ಹಾಗೆಯೇ ಓದಿ ತೋರಿಸಿ. ಪ್ರಸಂಗ ಧ್ವನಿಮುದ್ರಣವಾಗುತ್ತದೆಯೇ, ನೇರಪ್ರಸಾರವಾಗುತ್ತದೆಯೇ ಎಂಬುದನ್ನೂ ತಿಳಿಸಿ. ಎಂಬತ್ತು ಜನರ ಮುಂದೆ ಒಪ್ಪುವವರು ಇಡೀ ಲೋಕದ ಮುಂದೆ ಒಪ್ಪಬೇಕೆಂದಿಲ್ಲ.

ಹೆಸರು ಬದಲಿಸಿದರೆ ಸಾಕೆಂಬ ನಂಬಿಕೆ ಚಿಕ್ಕ ಸಭೆಯಲ್ಲಿ ನಡೆಯುವುದಿಲ್ಲ. "ನಮ್ಮ ಸಹೋದರಿಯೊಬ್ಬರ ಮಗ" ಅಂದ ತಕ್ಷಣ ಹತ್ತು ತಲೆಗಳು ಒಂದೇ ಕಡೆ ತಿರುಗುತ್ತವೆ. ಆಪ್ತಸಮಾಲೋಚನೆಯಲ್ಲಿ ಕೇಳಿದ್ದು ಯಾವ ರೂಪದಲ್ಲೂ ಪ್ರಸಂಗಕ್ಕೆ ಬರಬಾರದು, ಆ ವ್ಯಕ್ತಿ ಬೇರೆ ಊರಿಗೆ ಹೋಗಿದ್ದರೂ ಸರಿ. ಇದನ್ನು ಒಮ್ಮೆ ಮುರಿದರೆ, ಕೇಳುತ್ತಿರುವವರಲ್ಲಿ ತಮ್ಮ ನೋವು ಹೇಳಿಕೊಳ್ಳಬೇಕೆಂದಿದ್ದ ಯಾರೋ ಅಂದೇ ಬಾಯಿ ಮುಚ್ಚಿಕೊಳ್ಳುತ್ತಾರೆ. ಸ್ವಂತ ಮಕ್ಕಳ ಕಥೆಗೂ ಇದೇ ನಿಯಮ. ಐದು ವರ್ಷದ ಮಗುವಿನ ಒಪ್ಪಿಗೆ ಒಪ್ಪಿಗೆಯಲ್ಲ. ಹದಿಮೂರಕ್ಕೆ ಬಂದಾಗ ಅದೇ ಕಥೆ ಮುಜುಗರವಾಗುತ್ತದೆ.

ಕಲ್ಪಿತ ಕಥೆ

ಕಲ್ಪನೆ ಎಂದರೆ ಸುಳ್ಳಲ್ಲ. ನ್ಯಾಯಸ್ಥಾಪಕರು 9ರಲ್ಲಿ ಯೋತಾಮ ಹೇಳಿದ ಮರಗಳ ಕಥೆಯಲ್ಲಿ ಮರಗಳೇ ಅರಸನನ್ನು ಹುಡುಕಿಕೊಂಡು ಹೊರಡುತ್ತವೆ, ಅದನ್ನು ಯಾರೂ ವರದಿ ಎಂದು ಕೇಳಲಿಲ್ಲ. "ಹೀಗೊಬ್ಬನಿದ್ದ ಎಂದುಕೊಳ್ಳಿ" ಎಂಬ ಒಂದು ಮಾತು ಸೇರಿಸಿದರೆ ಪ್ರಾಮಾಣಿಕತೆ ಉಳಿಯುತ್ತದೆ, ಕಥೆಯ ಬಲ ಚೂರೂ ತಗ್ಗುವುದಿಲ್ಲ. ಯಾರ ಮಾನವೂ ಹೋಗುವುದಿಲ್ಲ, ನಿಮ್ಮ ಅಂಶಕ್ಕೆ ತಕ್ಕಂತೆ ಕತ್ತರಿಸಿ ಹೊಲಿಯಬಹುದು. ಒಪ್ಪದವರ ಒಳಗೆ ದಾರಿ ಮಾಡಿಕೊಳ್ಳುವ ಮೂರನೆಯ ಕೆಲಸಕ್ಕೆ ಇದೇ ಮೊದಲ ಆಯ್ಕೆ. ಬರೆಯಲು ಮಾತ್ರ ಶ್ರಮ ಬೇಕು. ಪಾತ್ರಗಳು ಎರಡೇ ಇರಲಿ, ತಿರುವು ಒಂದೇ ಇರಲಿ. ಕೆಟ್ಟವನನ್ನು ತೀರಾ ಕೆಟ್ಟವನಾಗಿ ಚಿತ್ರಿಸಿದರೆ ಕೇಳುವವರು ಅವನಲ್ಲಿ ತಮ್ಮನ್ನು ಕಾಣುವುದಿಲ್ಲ.

ಹೋಲಿಕೆ ಮತ್ತು ವಸ್ತುಪಾಠ

ಕಥೆಯೇ ಬೇಕೆಂದಿಲ್ಲ. ಅರ್ಥ ಮಾಡಿಸುವ ಕೆಲಸಕ್ಕೆ ಅನೇಕ ಸಲ ಎರಡು ಮೂರು ವಾಕ್ಯದ ಹೋಲಿಕೆ ಸಾಕು. ಕ್ಷಮಿಸುವುದಕ್ಕೆ ದೇವರು ಬೆಲೆ ತೆರಬೇಕಾಗಿತ್ತೇ ಎಂದು ಕೇಳುವವರಿಗೆ: ಯಾರೋ ನಿಮ್ಮ ಕಿಟಕಿ ಗಾಜು ಒಡೆದರು, ನೀವು ಕ್ಷಮಿಸಿದಿರಿ, ಗಾಜಿನ ಖರ್ಚು ಮಾಯವಾಗಲಿಲ್ಲ, ಅದು ನಿಮ್ಮ ಮೇಲೆ ಬಿತ್ತು. ಇಪ್ಪತ್ತು ಸೆಕೆಂಡಿನ ಮಾತು, ವಿವರಣೆ ಬೇಕಿಲ್ಲ.

ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದು ಗೊತ್ತಿರಬೇಕು. ತ್ರಯೈಕತ್ವಕ್ಕೆ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ಬೋಧನೆಗೆ) ನೀರು–ಮಂಜುಗಡ್ಡೆ–ಹಬೆ ತಂದರೆ, ಒಬ್ಬನೇ ಮೂರು ವೇಷ ಹಾಕುತ್ತಾನೆ ಎಂದಾಗುತ್ತದೆ. ಆದಿಸಭೆ ತಳ್ಳಿಹಾಕಿದ ಸಬೆಲ್ಲಿಯಸನ ಬೋಧನೆ ಅದೇ. ಯೇಸುವಿನ ದೀಕ್ಷಾಸ್ನಾನದಲ್ಲಿ ಮಗನು ನೀರಿನಲ್ಲಿ, ಆತ್ಮನು ಇಳಿದು ಬರುತ್ತ, ತಂದೆಯ ಧ್ವನಿ ಪರಲೋಕದಿಂದ, ಮೂವರೂ ಒಂದೇ ಹೊತ್ತಿನಲ್ಲಿ ಕಾಣುತ್ತಾರೆ. ಹೋಲಿಕೆಯನ್ನು ಬಿಟ್ಟು ಆ ದೃಶ್ಯವನ್ನೇ ವರ್ಣಿಸುವುದು ಲೇಸು.

ಕೈಯಲ್ಲಿ ವಸ್ತು ಹಿಡಿದು ತೋರಿಸುವುದು ಮಕ್ಕಳಿಗೆ ಮಾತ್ರ ಎಂದೇನಿಲ್ಲ. ಯೆರೆಮೀಯ ಹಿರಿಯರ ಕಣ್ಣೆದುರು ಮಡಕೆ ಒಡೆದ (19ನೇ ಅಧ್ಯಾಯ), ಯೇಸು ನಾಣ್ಯ ತರಿಸಿ ಯಾರ ಮುದ್ರೆ ಎಂದು ಕೇಳಿದ. ಕೊನೆಯ ಸಾಲಿಗೂ ಕಾಣುವ ಗಾತ್ರದ್ದಿರಲಿ, ಕೆಲಸ ಮುಗಿದ ತಕ್ಷಣ ಕಣ್ಮರೆ ಮಾಡಿ.

ಸುದ್ದಿ

ಲೂಕ 13ರಲ್ಲಿ ಯೇಸುವೇ ಸುದ್ದಿಯನ್ನು ಬಳಸಿದ್ದಾನೆ: ಪಿಲಾತನು ಕೊಲ್ಲಿಸಿದ ಗಲಿಲಾಯದವರು, ಸಿಲೊವಾಮಿನ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿ. ಸತ್ತವರು ಹೆಚ್ಚು ಪಾಪಿಗಳಾಗಿದ್ದರೇ ಎಂಬ ಪ್ರಶ್ನೆಗೆ ಇಲ್ಲವೆಂದು ಹೇಳಿ, ಕೇಳುವವರ ಕಡೆಗೇ ತಿರುಗಿಸಿದ. ದುರಂತದ ಸುದ್ದಿ ಬಳಸುವವರಿಗೆ ಇಷ್ಟು ನಿಯಮ ಸಾಕು.

ಸಿದ್ಧ ಕಥೆಗಳು

ಸಂಗ್ರಹಗಳಿಂದ, ಜಾಲತಾಣಗಳಿಂದ, ಫೋನಿನಿಂದ ಬರುವ ಕಥೆಗಳು ಪುಕ್ಕಟೆ ಮತ್ತು ಕ್ಷಣಾರ್ಧದ ಕೆಲಸ. ಸಂಗ್ರಹ ಹೊಸದೂ ಅಲ್ಲ. ಹದಿಮೂರನೆಯ ಶತಮಾನದ ಯುರೋಪಿನಲ್ಲೇ ಪ್ರಸಂಗಕಾರರಿಗಾಗಿ ಕಥೆಗಳ ಕಟ್ಟುಗಳನ್ನು ಬರೆದಿಡುತ್ತಿದ್ದರು. ತೊಂದರೆ ಬರುವುದು ಪರಿಶೀಲಿಸದೆ ಬಳಸಿದಾಗ, ಮತ್ತು ಪರಿಶೀಲಿಸುವ ಹೊತ್ತನ್ನು ಸೇರಿಸಿದರೆ ಇದು ಅಗ್ಗವಾಗಿ ಉಳಿಯುವುದಿಲ್ಲ.

ಹದ್ದು ನಲವತ್ತನೆಯ ವಯಸ್ಸಿಗೆ ಬೆಟ್ಟದ ಮೇಲೆ ಹೋಗಿ ಕೊಕ್ಕನ್ನು ಬಂಡೆಗೆ ಬಡಿದು ಮುರಿದುಕೊಂಡು, 150 ದಿನ ಕಾದು, ಹೊಸ ಕೊಕ್ಕು–ಗರಿಗಳೊಡನೆ ಇನ್ನೂ ಮೂವತ್ತು ವರ್ಷ ಬಾಳುತ್ತದೆ ಎಂಬ ಕಥೆ, ಹದ್ದುಗಳಂತೆ ರೆಕ್ಕೆ ಚಾಚಿ ಏರುವರು ಎನ್ನುವ ಯೆಶಾಯ 40:31ರ ಜೊತೆ ಬಂದೇ ಬರುತ್ತದೆ. ಅದು ಸುಳ್ಳು. ಕೊಕ್ಕು ಮುರಿದ ಹದ್ದು ತಿನ್ನಲಾರದೆ ಸಾಯುತ್ತದೆ. ಗರಿಗಳು ಕಾಲಕಾಲಕ್ಕೆ ಸ್ವಲ್ಪಸ್ವಲ್ಪವಾಗಿ ಉದುರಿ ಹೊಸದು ಬರುತ್ತವೆ. ಸಭೆಯಲ್ಲಿ ಕೂತ ಹತ್ತನೆಯ ತರಗತಿಯ ಹುಡುಗಿ ಅಲ್ಲೇ ಫೋನಿನಲ್ಲಿ ಹುಡುಕಿ ನೋಡಬಲ್ಲಳು. ಹದ್ದಿನ ವಿಷಯದಲ್ಲಿ ತಪ್ಪಿದವರು ಪುನರುತ್ಥಾನದ ವಿಷಯದಲ್ಲಿ ಸರಿಯಿದ್ದಾರೆಯೇ ಎಂಬ ಪ್ರಶ್ನೆ ಅವಳಲ್ಲಿ ಹುಟ್ಟಿದರೆ ತಪ್ಪು ಅವಳದಲ್ಲ.

ಇನ್ನು ಕೆಲವು ಕಥೆಗಳ ದೋಷ ಇನ್ನೂ ಆಳದ್ದು, ಅವು ವಾಕ್ಯವನ್ನೇ ತಿರುಚುತ್ತವೆ. ಐಶ್ವರ್ಯವಂತ ದೇವರ ರಾಜ್ಯದಲ್ಲಿ ಸೇರುವುದಕ್ಕಿಂತ ಒಂಟೆ ಸೂಜಿಕಣ್ಣಿನಲ್ಲಿ ನುಗ್ಗುವುದು ಸುಲಭ ಎಂಬ ಯೇಸುವಿನ ಮಾತನ್ನೇ ನೋಡಿ. ಯೆರೂಸಲೇಮಿನಲ್ಲಿ "ಸೂಜಿಕಣ್ಣು" ಎಂಬ ಚಿಕ್ಕ ಬಾಗಿಲಿತ್ತು, ಒಂಟೆ ಹೊರೆ ಇಳಿಸಿ ಮೊಣಕಾಲೂರಿ ದಾಟುತ್ತಿತ್ತು ಎಂಬುದಕ್ಕೆ ಯೇಸುವಿನ ಕಾಲದ ಆಧಾರವಿಲ್ಲ. ಕಷ್ಟಪಟ್ಟರೆ ಸಾಧ್ಯ ಎಂದು ಅದು ಹೇಳಿದರೆ, ಮಾರ್ಕ 10:27 ಮನುಷ್ಯರಿಗೆ ಅಸಾಧ್ಯ ಎನ್ನುತ್ತದೆ. ದಾರಿತಪ್ಪುವ ಕುರಿಮರಿಯ ಕಾಲನ್ನು ಕುರುಬ ಮುರಿಯುತ್ತಿದ್ದ ಎಂಬ ಕಥೆಯೂ ಹಾಗೆಯೇ. ಲೂಕ 15:5ರ ಕುರುಬ ಕುರಿಯನ್ನು ಸಂತೋಷದಿಂದ ಹೆಗಲ ಮೇಲೆ ಹೊರುತ್ತಾನೆ. ರೈಲಿನ ಪ್ರಯಾಣಿಕರನ್ನು ಉಳಿಸಲು ಸೇತುವೆ ಕಾಯುವವನು ಯಂತ್ರದಲ್ಲಿ ಸಿಕ್ಕಿಬಿದ್ದ ತನ್ನ ಮಗನನ್ನೇ ಬಲಿಕೊಟ್ಟ ಎಂಬುದು, ದೇವರು ತನ್ನ ಒಬ್ಬನೇ ಮಗನನ್ನು ಕೊಟ್ಟನು ಎನ್ನುವ ಯೋಹಾನ 3:16ಕ್ಕೆ ಬಹಳ ಬಳಕೆಯಾಗುತ್ತದೆ, ಕೇಳಿದವರು ಅಳುತ್ತಾರೆ. ಆದರೆ ಅಲ್ಲಿ ಮಗನಿಗೆ ಏನಾಗುತ್ತಿದೆ ಎಂಬುದೇ ಗೊತ್ತಿಲ್ಲ, ಸಾವು ಆಕಸ್ಮಿಕ. "ಯಾರೂ ನನ್ನ ಪ್ರಾಣವನ್ನು ನನ್ನಿಂದ ತೆಗೆದುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ" ಎಂದ ಮಗನ ಶಿಲುಬೆಗೆ ಇದು ಹೊಂದುವುದಿಲ್ಲ. ಕಣ್ಣೀರು ಬಂತು ಎಂಬುದು ಕಥೆ ಸರಿಯಿದೆ ಎಂಬುದಕ್ಕೆ ಪುರಾವೆಯಲ್ಲ.

ಪರಿಶೀಲನೆಗೆ ಹತ್ತು ನಿಮಿಷ ಕೊಡಿ. ಹೆಸರು, ಊರು, ಇಸವಿ ಇವೆಯೇ? ಒಂದೇ ಕಥೆ ಮೂವರು ಬೇರೆ ಬೇರೆ ಮಹನೀಯರ ಹೆಸರಿನಲ್ಲಿ ಓಡಾಡುತ್ತಿದೆಯೇ? ಪ್ರಸಂಗ ಸಂಗ್ರಹಗಳ ಹೊರಗೆ ಎಲ್ಲಾದರೂ ದಾಖಲಾಗಿದೆಯೇ? ಆಧಾರ ಸಿಗದಿದ್ದರೆ, ಅಂಶಕ್ಕೆ ಹೊಂದುತ್ತಿದ್ದರೆ, "ಹೀಗೊಂದು ಕಥೆ ಹೇಳುತ್ತಾರೆ" ಎಂದು ಹೇಳಿ ಬಳಸಬಹುದು. ಬೇರೆಯವರಿಗಾದದ್ದನ್ನು ನಿಮಗೇ ಆಯಿತೆಂದು ಹೇಳುವುದಕ್ಕೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ, ಅದು ಸುಳ್ಳು.

ಯಾರಿಗೆ ಯಾವುದು

ವಾರವಾರ ಒಂದೇ ಸಭೆಗೆ ಬೋಧಿಸುವ, ಸಿದ್ಧತೆಗೆ ಎಂಟು–ಹತ್ತು ಗಂಟೆ ಸಿಗುವ ಸಭಾಪಾಲಕರು ಸತ್ಯವೇದದ ಕಥೆಯನ್ನು ತಳಹದಿ ಮಾಡಿಕೊಂಡು, ಅನ್ವಯಕ್ಕೆ ಒಂದು ಜೀವನಚರಿತ್ರೆಯನ್ನೋ ಸಾಕ್ಷಿಯನ್ನೋ ಸೇರಿಸಲಿ. ಉದ್ಯೋಗದ ನಡುವೆ ಎರಡೇ ಗಂಟೆ ಬಿಡುವು ಮಾಡಿಕೊಂಡು ಬೋಧಿಸುವ ಸಭೆಯ ಹಿರಿಯರು ಇತಿಹಾಸಕ್ಕೆ ಕೈಹಾಕದೆ ಹೋಲಿಕೆಗಳನ್ನು ನೆಚ್ಚಿಕೊಳ್ಳುವುದು ಕ್ಷೇಮ. ಸತ್ಯವೇದ ಗೊತ್ತಿಲ್ಲದವರ ಮುಂದೆ ಕಲ್ಪಿತ ಕಥೆ ಮತ್ತು ಅವರೇ ಒಪ್ಪಿಕೊಂಡಿರುವ ಮಾತು. ಅಥೇನೆಯಲ್ಲಿ (ಗ್ರೀಸಿನ ಅಥೆನ್ಸ್‌ನಲ್ಲಿ) ಪೌಲ ಗ್ರೀಕ್ ಕವಿಯ ಸಾಲನ್ನೇ ಹಿಡಿದ. ಯೌವನಸ್ಥರ ಕೂಟದಲ್ಲಿ ಸ್ವಂತ ಅನುಭವಕ್ಕೆ ಸ್ವಲ್ಪ ಹೆಚ್ಚು ಜಾಗವಿದೆ. ಆರರಿಂದ ಹತ್ತು ವರ್ಷದ ಮಕ್ಕಳಿಗೆ ವಸ್ತು ತೋರಿಸಿ, ಆದರೆ "ಇದು ಪಾಪದ ಹಾಗೆ" ಎಂಬಂಥ ಸಂಕೇತ ಅವರಿಗೆ ಸುಲಭವಾಗಿ ಹತ್ತುವುದಿಲ್ಲ. ನಡೆದ ಕಥೆಯನ್ನೇ ನೇರವಾಗಿ ಹೇಳಿ. ಸಮಾಧಿ ಆರಾಧನೆಯಲ್ಲಿ ಹೊರಗಿನ ಕಥೆ ಬೇಡವೇ ಬೇಡ. ಅಲ್ಲಿ ಕೂತವರ ಎದೆಯಲ್ಲಿ ಆಗಲೇ ಒಂದು ಕಥೆ ತುಂಬಿರುತ್ತದೆ. ಲಾಜರನ ಸಮಾಧಿಯ ಮುಂದೆ ಯೇಸು ಅತ್ತದ್ದು ಸಾಕು.

ಆರಿಸಿದ್ದನ್ನು ಹೇಳುವಾಗ "ಈಗ ಒಂದು ಕಥೆ ಹೇಳುತ್ತೇನೆ" ಎಂಬ ಪೀಠಿಕೆ ತೆಗೆದುಹಾಕಿ, ಮೊದಲ ವಾಕ್ಯದಲ್ಲೇ ವ್ಯಕ್ತಿಯನ್ನೂ ಸ್ಥಳವನ್ನೂ ಕಣ್ಣೆದುರು ನಿಲ್ಲಿಸಿ. ಕಥೆಯಿಂದ ವಾಕ್ಯಕ್ಕೆ ಮರಳುವ ಮಾತನ್ನು ಮೊದಲೇ ಅಕ್ಷರಶಃ ಬರೆದಿಟ್ಟುಕೊಳ್ಳಿ. ಹೆಚ್ಚಿನ ಕಥೆಗಳು ಸೋಲುವುದು ನಡುವೆಯಲ್ಲ, ಈ ತಿರುವಿನಲ್ಲಿ: ಪ್ರಸಂಗಕಾರರು ದಾರಿ ಸಿಗದೆ ನೀತಿಯನ್ನು ಮೂರು ಸಲ ಬೇರೆ ಬೇರೆ ಮಾತಿನಲ್ಲಿ ಹೇಳುತ್ತಾರೆ. ಒಂದೇ ವಾಕ್ಯದಲ್ಲಿ ಮರಳಲು ಆಗದಿದ್ದರೆ ಆ ಕಥೆ ಆ ಅಂಶದ್ದಲ್ಲ.

ಬಳಸಿದ ಪ್ರತಿಯೊಂದಕ್ಕೂ ಒಂದು ಸಾಲಿನ ದಾಖಲೆ ಇರಲಿ: ಎಲ್ಲಿಂದ ಬಂತು, ಯಾವ ವಾಕ್ಯಭಾಗಕ್ಕೆ, ಯಾವ ಸಭೆಯಲ್ಲಿ, ಯಾವ ದಿನ, ಎಷ್ಟು ನಿಮಿಷ ಹಿಡಿಯಿತು. ಬಳಸದೆ ಬಿಟ್ಟವನ್ನೂ ಬಿಟ್ಟ ಕಾರಣದೊಡನೆ ಅದರಲ್ಲೇ ಸೇರಿಸಿ, ಮುಂದಿನ ಶನಿವಾರ ಅದೇ ಕಥೆ ಮತ್ತೆ ಕೈಗೆ ಬಂದಾಗ ಆ ಸಾಲು ಉಪಯೋಗಕ್ಕೆ ಬರುತ್ತದೆ.